ಗರ್ಭಿಣಿಯರ ಕಾಲುಬಾವು

ಏಳನೆಯ ತಿಂಗಳು ತುಂಬಿ ಸೀಮಂತದ ಹಸಿರು ಬಳೆಗಳು ಕೈಗೇರಿದ ಮೇಲೆ ಗರ್ಭಿಣಿಯ ಬಾಯಿಂದ ಕೇಳಿಬರುವ ಮೊದಲ ದೂರು ಅನೇಕ ಮನೆಗಳಲ್ಲಿ ಕಾಲಿನದೇ ಆಗಿರುತ್ತದೆ. ಬೆಳಿಗ್ಗೆ ಸಡಿಲವಾಗಿದ್ದ ಕಾಲುಂಗುರವು ದೀಪ ಹಚ್ಚುವ ಹೊತ್ತಿಗೆ ಬೆರಳನ್ನು ಹಿಡಿದುಕೊಳ್ಳುತ್ತದೆ. ಚಪ್ಪಲಿಯ ಪಟ್ಟಿಯು ಪಾದದ ಮೇಲೆ ಅಚ್ಚೊತ್ತುತ್ತದೆ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಕುಳಿಯೊಂದು ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತದೆ. ಇದನ್ನು ಕಂಡ ಮನೆಯ ಹಿರಿಯರು ಎರಡರಲ್ಲಿ ಒಂದು ಮಾತನ್ನಾಡುವುದು ವಾಡಿಕೆ. "ಇದು ಎಲ್ಲರಿಗೂ ಬರುವುದೇ" ಎಂಬುದು ಒಂದು. "ಉಪ್ಪು ಬಿಡು, ನೀರು ಕಡಿಮೆಮಾಡು" ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ಎರಡನೆಯದು ಸರಿಯಾದ ಮಾತೇ ಅಲ್ಲ. ಪೂರ್ತಿ ನಿಜವಲ್ಲದ ಆ ಸ್ವಲ್ಪದರಲ್ಲಿ ಎರಡು ಜೀವಗಳ ಕ್ಷೇಮವು ಅಡಗಿರುವುದರಿಂದ ಈ ವಿಷಯವನ್ನು ವಾಚಕರ ಮುಂದೆ ಕೊಂಚ ವಿಸ್ತಾರವಾಗಿ ಇಡಲು ಬಯಸುತ್ತೇವೆ. ಗೃಹಿಣಿಯರಷ್ಟೇ ಅಲ್ಲ, ಮನೆಯ ಯಜಮಾನರೂ ಇದನ್ನು ಓದತಕ್ಕದ್ದು.

ಕಾಲೇಕೆ ಬಾಯುತ್ತದೆ? ಗರ್ಭವು ಬೆಳೆದಂತೆಲ್ಲಾ ತಾಯಿಯ ರಕ್ತದಲ್ಲಿನ ದ್ರವಭಾಗವು ನೂರಕ್ಕೆ ೪೦ರಿಂದ ೫೦ರಷ್ಟು ಹೆಚ್ಚುತ್ತದೆ. ಇಡೀ ಶರೀರದ ಲೆಕ್ಕ ತೆಗೆದರೆ ಆರರಿಂದ ಎಂಟು ಲೀಟರಿನಷ್ಟು ನೀರು ಹೊಸದಾಗಿ ಸೇರಿರುತ್ತದೆ. ಇದು ರೋಗವಲ್ಲ, ಮಗುವನ್ನು ಪೋಷಿಸುವುದಕ್ಕೂ ಹೆರಿಗೆಯ ಕಾಲದ ರಕ್ತನಷ್ಟವನ್ನು ತಾಳಿಕೊಳ್ಳುವುದಕ್ಕೂ ಪ್ರಕೃತಿಯು ಮಾಡಿಕೊಂಡ ಏರ್ಪಾಡು. ಆದರೆ ರಕ್ತವು ಹೀಗೆ ತೆಳುವಾದಾಗ, ನೀರನ್ನು ನಾಳದೊಳಗೆ ಹಿಡಿದಿಡುವ ಆಲ್ಬುಮಿನ್ ಎಂಬ ಸತ್ವವೂ ತೆಳುವಾಗಿ, ನೀರು ಹೊರಗಿನ ಮಾಂಸಕ್ಕೆ ಜಿನುಗುತ್ತದೆ. ಇದರ ಜೊತೆಗೆ, ಕಾಲುಗಳಿಂದ ಹೃದಯಕ್ಕೆ ರಕ್ತವನ್ನು ಒಯ್ಯುವ ದೊಡ್ಡ ಸಿರೆಯು ಬೆನ್ನೆಲುಬಿನ ಬಲಮಗ್ಗುಲಲ್ಲಿ ಹಾದುಹೋಗುವುದರಿಂದ ತುಂಬಿದ ಗರ್ಭಕೋಶದ ಭಾರವು ಅದರ ಮೇಲೆ ಬೀಳುತ್ತದೆ. ತೂಬನ್ನು ಅರ್ಧ ಮುಚ್ಚಿದರೆ ಕಾಲುವೆಯ ನೀರು ಹಿಂದಕ್ಕೆ ನಿಲ್ಲುವುದಷ್ಟೆ. ಕಾಲಿನಲ್ಲಿ ನಡೆಯುವುದೂ ಅದೇ. ಆದುದರಿಂದಲೇ ಈ ಬಾವು ಬೆಳಗಿಗಿಂತ ಸಂಜೆಗೆ, ಮಾಗಿಗಿಂತ ಬೇಸಗೆಗೆ, ಒಂದು ಮಗುವಿಗಿಂತ ಅವಳಿಯಿದ್ದಾಗ ಹೆಚ್ಚು. ರಾತ್ರಿ ಮಲಗಿ ಎದ್ದರೆ ಬಹುಪಾಲು ಇಳಿದಿರುತ್ತದೆ.

ನೆಲದ ಸೆಳೆತಕ್ಕೆ ಎದುರಾಗಿ ರಕ್ತವನ್ನು ಮೇಲಕ್ಕೆ ತಳ್ಳತಕ್ಕ ಯಂತ್ರವೊಂದು ಕಾಲಿನಲ್ಲಿಯೇ ಇದೆ: ಮೀನಖಂಡ. ನಡೆಯುವಾಗ ಅದು ಹಿಂಡಿ ಸಡಿಲಿ ಸಿರೆಗಳನ್ನು ಬರಿದುಮಾಡುತ್ತದೆ. ಸುಮ್ಮನೆ ನಿಂತಾಗ ಅದು ಕೆಲಸ ಮಾಡದು. ಹಿಂದೆ ಒಲೆ ನೆಲದ ಮೇಲಿತ್ತು. ಹೆಂಗಸರು ಮಣೆಯ ಮೇಲೆ ಕುಳಿತು ಅಡಿಗೆ ಮಾಡುತ್ತಿದ್ದರು. ಈಗ ಒಲೆ ಸೊಂಟದೆತ್ತರದ ಕಟ್ಟೆಯನ್ನೇರಿದೆ. ಹೊಗೆ ಹೋಯಿತು, ಕಣ್ಣುರಿ ಹೋಯಿತು, ಅದಕ್ಕೆ ಸಂತೋಷವೇ. ಆದರೆ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಸಾರಿನವರೆಗೆ ನಿಂತಲ್ಲಿಯೇ ನಿಲ್ಲುವ ಹೊಸ ಶಿಕ್ಷೆಯೊಂದು ಬಂತು. ತುಂಬುಗರ್ಭಿಣಿಯಿರುವ ಮನೆಯಲ್ಲಿ ಅಡಿಗೆಮನೆಗೆ ಎತ್ತರವಾದ ಒಂದು ಕುರ್ಚಿಯನ್ನೋ ಸ್ಟೂಲನ್ನೋ ತಂದಿಡುವುದು, ತರಕಾರಿ ಹೆಚ್ಚುವ ಕೆಲಸವನ್ನು ಮತ್ತೊಬ್ಬರು ವಹಿಸಿಕೊಳ್ಳುವುದು, ಇವು ಯಾವ ಲೇಪಕ್ಕೂ ಕಡಿಮೆಯಲ್ಲದ ಚಿಕಿತ್ಸೆ. ಅಂಗಡಿಯಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ತಾಯಂದಿರು ಅರ್ಧ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯಬೇಕು. ಅದಕ್ಕೂ ಅವಕಾಶವಿಲ್ಲದಲ್ಲಿ ಪಾದಗಳನ್ನು ಕಣಕಾಲಿನಿಂದ ಮೇಲಕ್ಕೂ ಕೆಳಕ್ಕೂ ಇಪ್ಪತ್ತು ಮೂವತ್ತು ಸಲ ಆಡಿಸಿದರೂ ಸಾಕು, ಮೀನಖಂಡಕ್ಕೆ ಕೆಲಸ ಸಿಕ್ಕುತ್ತದೆ.

ಹಗಲಿನಲ್ಲಿ ಎರಡು ಮೂರು ಸಲ ಒಂದು ಮಗ್ಗುಲಾಗಿ ಮಲಗಿ, ಕಾಲುಗಳ ಕೆಳಗೆ ದಿಂಬುಗಳನ್ನಿಟ್ಟು ಹೃದಯಕ್ಕಿಂತ ಎತ್ತರಿಸಿ, ಕಾಲು ಗಂಟೆ ಇಪ್ಪತ್ತು ನಿಮಿಷ ವಿಶ್ರಮಿಸತಕ್ಕದ್ದು. ಮೋಡೆಯ ಮೇಲೆ ಕಾಲಿಟ್ಟು ಕುಳಿತರೆ ಬಂದೀತು ಎನ್ನುವರು. ಅದು ಸುಖವೇ ಹೊರತು ಅಷ್ಟು ಫಲಕಾರಿಯಲ್ಲ. ಮಲಗುವುದಕ್ಕೆ ಎಡಮಗ್ಗುಲು ಉತ್ತಮ, ಸಿರೆಯ ಮೇಲಿನ ಭಾರ ಸರಿಯುತ್ತದೆ, ಬಲಮಗ್ಗುಲಾದರೂ ದೋಷವಿಲ್ಲ. ಅಂಗಾತ ಮಾತ್ರ ಮಲಗಬಾರದು. ಕಾಲುಚೀಲವನ್ನು ವೈದ್ಯರು ಹೇಳಿದ್ದರೆ ಬೆಳಿಗ್ಗೆ ಹಾಸಿಗೆಯಿಂದಿಳಿಯುವ ಮೊದಲೇ, ಕಾಲು ಬಾಯುವುದಕ್ಕೆ ಮುಂಚೆ, ಏರಿಸಿಕೊಳ್ಳಬೇಕು. ಸಂಜೆ ತಣ್ಣೀರಿನಲ್ಲಿ ಪಾದವಿಟ್ಟುಕೊಳ್ಳುವುದು ಹಿತ. ಎದೆಮಟ್ಟದ ನೀರಿನಲ್ಲಿ ನಿಂತರೆ ನೀರಿನ ಒತ್ತಡದಿಂದ ಬಾವು ಚೆನ್ನಾಗಿ ಇಳಿಯುವುದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಹಾಗೆಂದು ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲಿಳಿಯಲು ನಾವು ಯಾರಿಗೂ ಹೇಳೆವು. ಕಾಲುಂಗುರ, ಕಾಲುಸರಗಳನ್ನು ಬಿಗಿಯಾಗುವ ಮೊದಲೇ ತೆಗೆದಿಡುವುದು ವಿವೇಕ. ಸೌಭಾಗ್ಯದ ಚಿಹ್ನೆಯೆಂದು ಹಿಂಜರಿಯುವವರು ಸಡಿಲವಾದ ಬೇರೆ ಜೋಡಿಯನ್ನು ಮಾಡಿಸಲಿ. ಬೆರಳಿಗೆ ಕಚ್ಚಿಕೊಂಡ ಉಂಗುರವನ್ನು ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಇನ್ನು ಉಪ್ಪು ನೀರುಗಳ ಮಾತು. ಇವನ್ನು ಕಡಿಮೆಮಾಡಿದರೆ ಬಾವು ಇಳಿಯುವುದೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. ಇಪ್ಪತ್ತನೆಯ ಶತಮಾನದ ನಡುವೆ ಮೂತ್ರ ಹೆಚ್ಚಿಸುವ ಗುಳಿಗೆಗಳನ್ನು ಬಸುರಿಯರಿಗೆ ಧಾರಾಳವಾಗಿ ಕೊಟ್ಟದ್ದೂ ಉಂಟು. ಅದರಿಂದ ಲಾಭವಿಲ್ಲವೆಂದು ಕಂಡ ಮೇಲೆ ಆ ಪದ್ಧತಿಯು ಬಿಟ್ಟುಹೋಯಿತು. ಉಪ್ಪಿನಕಾಯಿ ಹಪ್ಪಳಗಳನ್ನು ಮಿತಿಯಲ್ಲಿಡುವುದು ಯಾರಿಗೂ ಒಳ್ಳೆಯದೇ, ಆದರೆ ಅನ್ನಕ್ಕೆ ಉಪ್ಪಿಲ್ಲದಂತೆ ಮಾಡಿ ಬಸುರಿಯ ಬಾಯಿರುಚಿಯನ್ನು ಕೆಡಿಸಬೇಕಾಗಿಲ್ಲ. ಬಾಯಾರಿಕೆಗೆ ತಕ್ಕಷ್ಟು ನೀರನ್ನು ಕುಡಿಯಲೇಬೇಕು. ಬಾರ್ಲಿಯ ಗಂಜಿ ಕುಡಿದರೆ ಆಕ್ಷೇಪವಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಆರನೆಯ ತಿಂಗಳಿಗೆ ನೆಗ್ಗಿಲಿನಿಂದ ಸಿದ್ಧಪಡಿಸಿದ ತುಪ್ಪವನ್ನೋ ಗಂಜಿಯನ್ನೋ ವಿಧಿಸಿದೆ. ಆದರೆ ಆ ಆಧಾರದ ಮೇಲೆ ಅಂಗಡಿಯಿಂದ ಪುಡಿ ತಂದು ಮನೆಯಲ್ಲಿಯೇ ಕಷಾಯ ಕಾಯಿಸುವುದು ತರವಲ್ಲ. ಗರ್ಭಿಣಿಯ ಬಾಯಿಗೆ ಹೋಗುವ ಯಾವ ಔಷಧವೂ, ಬೇರಾಗಲಿ ಗುಳಿಗೆಯಾಗಲಿ, ಆಕೆಯನ್ನು ನೋಡುತ್ತಿರುವ ವೈದ್ಯರಿಗೆ ತಿಳಿಯದೆ ಹೋಗಕೂಡದು.

ಈಗ ಆ ಪೂರ್ತಿ ನಿಜವಲ್ಲದ ಭಾಗಕ್ಕೆ ಬರುವೆವು. ಬಾವು ಕಾಲಿನಲ್ಲಿದ್ದು ರಾತ್ರಿಗೆ ಇಳಿಯುತ್ತಿರುವಷ್ಟು ಕಾಲ ಸಾಮಾನ್ಯವಾಗಿ ಭಯವಿಲ್ಲ. ಅದು ಬೆಳಿಗ್ಗೆಯೂ ಇಳಿಯದೆ ಇದ್ದರೆ, ಒಂದೆರಡು ದಿನಗಳಲ್ಲಿ ಥಟ್ಟನೆ ಹೆಚ್ಚಿದರೆ, ಕೈಬೆರಳಿಗೂ ಕಣ್ಣರೆಪ್ಪೆಗೂ ಏರಿದರೆ, ಸೀಮಂತದಲ್ಲಿ ಸಲೀಸಾಗಿ ಏರಿದ ಬಳೆ ಮುಂಗೈಯಲ್ಲಿ ತಿರುಗದಂತಾದರೆ, ಒಂದೇ ವಾರದಲ್ಲಿ ತೂಕವು ಒಂದು ಕಿಲೋಗ್ರಾಮಿಗೂ ಮಿಕ್ಕಿ ಏರಿದರೆ ಸಂಗತಿ ಬೇರೆ. ದುರದೃಷ್ಟವೆಂದರೆ ನಮ್ಮಲ್ಲಿ ಮುಖದ ಬಾವು ಬಾವಿನಂತೆ ಕಾಣುವುದೇ ಇಲ್ಲ. "ಮುಖ ತುಂಬಿಕೊಂಡಿತು, ಬಸುರಿಯ ಕಳೆ ಬಂತು" ಎಂದು ನೆರೆಹೊರೆಯವರು ಕೊಂಡಾಡುತ್ತಾರೆ. ಸಂಜೆಗೆ ತಲೆನೋವು ಬಂದರೆ ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಪಕ್ಕೆಲುಬಿನ ಕೆಳಗೆ ನೋವೆಂದರೆ ಪಿತ್ತವೆಂದು ಜೀರಿಗೆ ನೀರು ಕೊಡುತ್ತಾರೆ. ಪ್ರೀತಿಯಿಂದಲೇ ಮಾಡುವ ಕೆಲಸಗಳು ಇವು. ಆದರೆ ತುಂಬಿದ ಮುಖ, ಬಿಡದ ತಲೆನೋವು, ಕಣ್ಣ ಮುಂದೆ ಮಿಂಚುಹುಳು ಹಾರಿದಂತೆ ಮಬ್ಬು, ಪಕ್ಕೆಲುಬಿನ ಕೆಳಗಿನ ನೋವು, ಮೂತ್ರ ಕಡಿಮೆಯಾಗುವುದು, ಇವೆಲ್ಲವೂ ಒಂದೇ ರೋಗದ ಮುನ್ಸೂಚನೆಗಳಾಗಿರಬಹುದು. ಗರ್ಭಿಣಿಯರ ರಕ್ತದೊತ್ತಡದ ರೋಗವಿದು. ಡಾಕ್ಟರರು ಪ್ರಿಎಕ್ಲಾಂಪ್ಸಿಯ ಎನ್ನುವರು. ಮೀರಿದರೆ ಅಪಸ್ಮಾರದಂತೆ ಸೆಳವು ಬಂದು ತಾಯಿಗೂ ಮಗುವಿಗೂ ಪ್ರಾಣಾಂತಿಕವಾಗಬಲ್ಲುದು.

ಸೆಳವು ಬಂದ ಗರ್ಭಿಣಿಯರ ಮೂತ್ರದಲ್ಲಿ ಆಲ್ಬುಮಿನ್ ಇರುವುದನ್ನು ೧೮೪೩ರಲ್ಲಿ ಲಂಡನ್ನಿನ ವೈದ್ಯ ಜಾನ್ ಲೀವರ್ ಕಂಡರು. ೧೮೯೬ರಲ್ಲಿ ಇಟಲಿಯ ರೀವಾ-ರೊಚ್ಚಿಯವರು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ಮಾಡಿದ ಮೇಲೆ ರೋಗವನ್ನು ಮುಂಚಿತವಾಗಿಯೇ ಹಿಡಿಯುವ ದಾರಿ ತೆರೆಯಿತು. ಇಂದಿಗೂ ನಿರ್ಣಯವು ಈ ಎರಡರ ಮೇಲೆಯೇ ಬಹುವಾಗಿ ನಿಂತಿದೆ. ಇಪ್ಪತ್ತನೆಯ ವಾರದ ಅನಂತರ ಒತ್ತಡದ ಮೇಲಿನ ಅಂಕ ೧೪೦, ಇಲ್ಲವೆ ಕೆಳಗಿನ ಅಂಕ ೯೦ ಮುಟ್ಟಿದರೆ ವೈದ್ಯರು ಎಚ್ಚರಗೊಳ್ಳುವರು. ೧೬೦ ಅಥವಾ ೧೧೦ ಆದರೆ ಒಂದು ಗಳಿಗೆಯೂ ತಡೆಯಲಾಗದು. ಬಾವನ್ನು ಮಾತ್ರ ರೋಗದ ಲಕ್ಷಣಗಳ ಪಟ್ಟಿಯಿಂದ ತಜ್ಞರು ಕೈಬಿಟ್ಟಿದ್ದಾರೆ. ಏಕೆಂದರೆ ಬಾವಿದ್ದವರೆಲ್ಲರಿಗೂ ರೋಗವಿಲ್ಲ, ರೋಗವಿದ್ದವರೆಲ್ಲರಿಗೂ ಬಾವಿಲ್ಲ. ಕಣ್ಣಳತೆಯಿಂದ ತೀರ್ಮಾನವಾಗದು, ತೋಳಿಗೆ ಪಟ್ಟಿ ಸುತ್ತಲೇಬೇಕು. ಸೆಳವಿಗೆ ಮದ್ದು ಕೂಡ ಅಗ್ಗದ್ದೇ: ಮೆಗ್ನೀಸಿಯಂ ಸಲ್ಫೇಟ್ ಎಂಬ ಲವಣ. ೩೩ ದೇಶಗಳ ೧೦,೦೦೦ಕ್ಕೆ ಮಿಕ್ಕಿದ ಸ್ತ್ರೀಯರಲ್ಲಿ ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದು ಸೆಳವಿನ ಅಪಾಯವನ್ನು ಅರ್ಧಕ್ಕೂ ಹೆಚ್ಚು ತಗ್ಗಿಸಿತು. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲಪಿದವರಿಗೆ ಮಾತ್ರ ಅದು ದೊರೆಯುವುದು.

ಬಾವಿಗೆ ಬೇರೆ ಎರಡು ಕಾರಣಗಳನ್ನೂ ಇಲ್ಲಿಯೇ ಹೇಳಿಬಿಡುವೆವು. ಒಂದೇ ಕಾಲು ಬಾತು, ಮೀನಖಂಡ ನೊಂದು ಬೆಚ್ಚಗಾಗಿ ಕೆಂಪೇರಿದ್ದರೆ ಸಿರೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕದೆ ಅಂದೇ ವೈದ್ಯರಿಗೆ ತೋರಿಸಬೇಕು. ರಕ್ತಹೀನತೆ ತೀವ್ರವಾದಾಗಲೂ ಕಾಲು ಬಾಯುತ್ತದೆ, ಜೊತೆಗೆ ಏದುಸಿರು ಇರುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದುದರಿಂದ ಇದನ್ನು ಅಪರೂಪವೆನ್ನುವಂತಿಲ್ಲ.

ಮೊದಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ರೂಢಿ. ಈ ರೋಗವು ಹೆಚ್ಚಾಗಿ ಮೊದಲ ಬಸುರಿನಲ್ಲಿಯೇ ಬರುವುದರಿಂದ ಆ ಪ್ರಯಾಣವನ್ನು ಕುರಿತು ಒಂದು ಮಾತು ಅವಶ್ಯ. ಬಸ್ಸಿನಲ್ಲಿ ಆರೇಳು ಗಂಟೆ ಕಾಲು ಇಳಿಬಿಟ್ಟು ಕುಳಿತರೆ ಬಾವು ಏರುವುದು ಸಹಜ. ನಡುವೆ ಇಳಿದು ನಡೆಯಬೇಕು. ಅದಕ್ಕಿಂತ ಮುಖ್ಯವಾದದ್ದು ತಾಯಿ ಕಾರ್ಡು. ಸೀರೆ, ಬಳೆ, ಕೊಬ್ಬರಿ ಸಕ್ಕರೆಗಳೆಲ್ಲ ಪೆಟ್ಟಿಗೆ ಸೇರಿ ಕಾರ್ಡು ಅತ್ತೆಯ ಮನೆಯ ಗೂಡಿನಲ್ಲಿ ಉಳಿದುಬಿಟ್ಟರೆ, ಹೊಸ ಊರಿನ ವೈದ್ಯರಿಗೆ ಆಕೆಯ ಹಿಂದಿನ ಒತ್ತಡವೆಷ್ಟೆಂದು ತಿಳಿಯುವ ಬಗೆಯಿಲ್ಲ. ತವರಿಗೆ ಬಂದ ವಾರದೊಳಗೆ ಹತ್ತಿರದ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಒತ್ತಡವನ್ನೂ ಮೂತ್ರವನ್ನೂ ನೋಡಿಸುವುದು ತಂದೆಯ ಕರ್ತವ್ಯ. ೨೦೧೬ರಿಂದ ಪ್ರತಿ ತಿಂಗಳ ಒಂಬತ್ತನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಿದೆ. ಮೇಲೆ ಹೇಳಿದ ಸೂಚನೆಗಳು ಕಂಡಾಗ ಮಾತ್ರ ತಾರೀಖನ್ನು ಕಾಯದೆ, ರಾತ್ರಿಯಾದರೂ ೧೦೮ಕ್ಕೆ ಕರೆಮಾಡಿ ಹೊರಡಬೇಕು.

ಹೆರಿಗೆಯಾದ ಮೊದಲ ಕೆಲವು ದಿನ ಕಾಲುಬಾವು ಕೊಂಚ ಏರಿ, ಒಂದೆರಡು ವಾರಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಆದರೆ ಒತ್ತಡದ ರೋಗವು ಹೆರಿಗೆಯ ಬಳಿಕವೂ, ಆರು ವಾರಗಳವರೆಗೂ, ತಲೆಯೆತ್ತಬಲ್ಲುದು. ಬಾಣಂತಿಗೆ ಬಿಡದ ತಲೆನೋವು ಬಂದಾಗ ಶೀತವೆಂದು ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಬಿಗಿದು, ಕತ್ತಲೆ ಕೋಣೆಯಲ್ಲಿ ಮಲಗಿಸುವ ಮೊದಲು ಆಕೆಯ ರಕ್ತದೊತ್ತಡವನ್ನು ನೋಡಿಸತಕ್ಕದ್ದು.