ಡೇರೆಗೆ ಸೊಳ್ಳೆ ಬಾರದಿರಲಿ, ಹುಳುಮನೆಗೆ ವಿಷಗಾಳಿ ಹೋಗದಿರಲಿ

ನಿಮ್ಮ ಕಾಲೇಜಿನ ಎನ್.ಎಸ್.ಎಸ್. ಶಿಬಿರ ಚನ್ನಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ನಡೆದಿದೆ ಎನ್ನಿ. ಊರಾಚೆಯ ಬಯಲಿನಲ್ಲಿ ಡೇರೆ ಹಾಕಿದ್ದೀರಿ. ಕತ್ತಲಾಗುತ್ತಲೇ ಸೊಳ್ಳೆಗಳ ಗುಂಯ್‌ಗುಟ್ಟುವಿಕೆ ಶುರುವಾಗುತ್ತದೆ, ಯಾರೋ ಚೀಲದಿಂದ ಸೊಳ್ಳೆಬತ್ತಿ ತೆಗೆಯುತ್ತಾರೆ. ಹಚ್ಚುವ ಮುನ್ನ ತುಸು ತಡೆಯಿರಿ.

ಮೈಗೆ ಹಚ್ಚಿಕೊಳ್ಳುವ ಸೊಳ್ಳೆ ನಿವಾರಕ ಹಚ್ಚಿಕೊಂಡವರನ್ನು ಮಾತ್ರ ಕಾಪಾಡುತ್ತದೆ. ಇನ್ನೊಂದು ಬಗೆಯದು ಗಾಳಿಯಲ್ಲಿ ಆವಿಯಾಗಿ ಹರಡಿ, ಒಂದಿಷ್ಟು ಜಾಗವನ್ನೇ ಸೊಳ್ಳೆಗೆ ಸಹಿಸಲಾಗದಂತೆ ಮಾಡುತ್ತದೆ. ಸೊಳ್ಳೆಬತ್ತಿ, ಕರೆಂಟಿಗೆ ಸಿಕ್ಕಿಸುವ ದ್ರವದ ಸೀಸೆ ಈ ಜಾತಿಯವು. ಇವುಗಳಲ್ಲಿರುವ ಪೈರೆಥ್ರಾಯಿಡ್ ರಾಸಾಯನಿಕಗಳಿಗೆ ಮೂಲ ಮಾದರಿ ಸೇವಂತಿಗೆಯ ಬಳಗದ ಒಂದು ಹೂವು. ಇವು ಕೀಟದ ನರತಂತುಗಳಲ್ಲಿ ಸೋಡಿಯಂ ಹರಿಯುವ ದ್ವಾರಗಳನ್ನು ಮುಚ್ಚಗೊಡುವುದಿಲ್ಲ. ಸೊಳ್ಳೆ ಮೊದಲು ಚಡಪಡಿಸುತ್ತದೆ, ದಿಕ್ಕು ತಪ್ಪುತ್ತದೆ, ಕಚ್ಚುವುದನ್ನು ಮರೆಯುತ್ತದೆ. ಪ್ರಮಾಣ ಹೆಚ್ಚಾದರೆ ಸಾಯುತ್ತದೆ. ಇದೇ ಗುಂಪಿನ ಟ್ರಾನ್ಸ್‌ಫ್ಲೂಥ್ರಿನ್‌ಗೆ ಬೆಂಕಿಯೂ ಬೇಡ, ವಿದ್ಯುತ್ತೂ ಬೇಡ. ಸಾಧಾರಣ ಉಷ್ಣತೆಯಲ್ಲೇ ಆವಿಯಾಗುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಅದನ್ನು ಚಿಕ್ಕ ಪ್ಲಾಸ್ಟಿಕ್ ಕೊಳವೆಗಳಲ್ಲಿ ತುಂಬಿ ಸೈನ್ಯದ ದೊಡ್ಡ ಡೇರೆಯ ಬಾಗಿಲಿಗೆ ಕಟ್ಟಿ ಪರೀಕ್ಷಿಸಿದರು. ಅದರ ಪ್ರಭಾವ ನಾಲ್ಕು ವಾರಕ್ಕೂ ಹೆಚ್ಚು ಕಾಲ ಉಳಿಯಿತೆಂದು 2022ರಲ್ಲಿ ತಿಳಿಸಿದರು.

ಪರೀಕ್ಷೆಯ ತತ್ವ ಸರಳ. ಎರಡು ಡೇರೆಗಳು, ಒಂದರಲ್ಲಿ ನಿವಾರಕ, ಇನ್ನೊಂದರಲ್ಲಿ ಇಲ್ಲ. ಬೆಳಗ್ಗೆ ದೀಪದ ಬೋನಿನಲ್ಲಿ ಸಿಕ್ಕ ಸೊಳ್ಳೆಗಳನ್ನು ಎಣಿಸಿ. ಬರಿಯ ಡೇರೆಯಲ್ಲಿ 40, ನಿವಾರಕದ ಡೇರೆಯಲ್ಲಿ 10 ಸಿಕ್ಕಿದರೆ 40ಕ್ಕೆ 30 ಕಡಿಮೆ, ಅಂದರೆ ಶೇಕಡ 75 ರಕ್ಷಣೆ. (ಕಾಲು ಬಿಟ್ಟುಕೊಂಡು ಕೂತು ಎಣಿಸುವ ಸಾಹಸ ಬೇಡ; ಡೆಂಗ್ಯೂ, ಮಲೇರಿಯಾ ಹರಡುವುದೇ ಹಾಗೆ.)

ಲೆಕ್ಕ ಸುಲಭವಾದರೂ ನಂಬುವುದು ಅಷ್ಟು ಸುಲಭವಲ್ಲ. ಒಂದು ಡೇರೆ ಚರಂಡಿಗೆ ಹತ್ತಿರವಿರಬಹುದು. ಕೆಲವರ ಮೈವಾಸನೆ ಸೊಳ್ಳೆಗೆ ಹೆಚ್ಚು ಪ್ರಿಯ. ಆದ್ದರಿಂದ ರಾತ್ರಿಗೊಮ್ಮೆ ನಿವಾರಕವನ್ನೂ ಮಲಗುವವರನ್ನೂ ಅದಲುಬದಲು ಮಾಡಬೇಕು. ಡೇರೆಗಳು ತೀರ ಅಕ್ಕಪಕ್ಕದಲ್ಲಿದ್ದರೆ ಇಲ್ಲಿಂದ ಓಡಿದ ಸೊಳ್ಳೆ ಅಲ್ಲಿಗೆ ನುಗ್ಗುತ್ತದೆ. ಆಗ ಬರಿಯ ಡೇರೆಯ ಎಣಿಕೆ ಏರಿ, ನಿವಾರಕ ತನ್ನ ಯೋಗ್ಯತೆಗಿಂತ ಹೆಚ್ಚಿನ ಅಂಕ ಗಳಿಸುತ್ತದೆ! ಗಾಳಿ ಬೀಸಿದರೆ ಆವಿ ಚದುರಿಹೋಗುತ್ತದೆ. ಅದಕ್ಕೇ ಗಾಳಿಯ ದಿಕ್ಕು, ವೇಗ, ಉಷ್ಣತೆಗಳನ್ನು ಬರೆದಿಡದ ಪರೀಕ್ಷೆಗೆ ನಾನು ಬೆಲೆ ಕೊಡುವುದಿಲ್ಲ.

ನಿವಾರಕದಿಂದ ಕಾಯಿಲೆಯೂ ಕಡಿಮೆಯಾಗುತ್ತದೆಯೇ? ಪೆರು ದೇಶದ ಇಕಿಟೋಸ್ ನಗರದ ಮನೆಗಳಲ್ಲಿ ನಡೆದ ಪ್ರಯೋಗದಲ್ಲಿ ಈಡಿಸ್ ಸೊಳ್ಳೆ ಹರಡುವ ವೈರಸ್ ಸೋಂಕು ಸುಮಾರು ಶೇಕಡ 34ರಷ್ಟು ತಗ್ಗಿತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ತಡೆಗೆ ಇಂಥ ನಿವಾರಕಗಳನ್ನು ಶಿಫಾರಸು ಮಾಡಿತು.

ಹಾಗಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ತಡೆಯೇಕೆ? ಇದು ರೇಷ್ಮೆಯ ಸೀಮೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನೀವು ಕೇಳಿಯೇ ಇದ್ದೀರಿ. ರೇಷ್ಮೆಹುಳುವೂ ಕೀಟವೇ, ಸೊಳ್ಳೆಯ ನರದ ಮೇಲೆ ಕೆಲಸ ಮಾಡುವ ಆವಿ ಅದರ ನರವನ್ನೂ ಬಿಡುವುದಿಲ್ಲ. ವಿಷ ತಗುಲಿದ ಹುಳು ತಲೆ ಒಲೆದಾಡಿಸುತ್ತದೆ, ರಸ ಕಾರುತ್ತದೆ, ಮೈ ಕುಗ್ಗಿ ಸಾಯುತ್ತದೆ. ಅಲ್ಪ ಪ್ರಮಾಣ ತಾಗಿದ್ದರೆ ಅಂದು ಏನೂ ಕಾಣದೆ, ಚಂದ್ರಿಕೆಗೆ ಬಿಟ್ಟಾಗ ಗೂಡು ಕಟ್ಟದೆ ಉಳಿಯಬಹುದು. ಸೊಪ್ಪು, ಕೂಲಿ, ರಾತ್ರಿಯ ನಿದ್ದೆ ಎಲ್ಲ ಖರ್ಚಾದ ಮೇಲೆ ಬೀಳುವ ಪೆಟ್ಟು ಅದು. ಹುಳು ಸಾಕುವ ಮನೆಯವರು ಸೊಳ್ಳೆಬತ್ತಿಯನ್ನು ಹತ್ತಿರ ಸೇರಿಸದಿರುವುದು ಇದಕ್ಕಾಗಿ.

ಆದುದರಿಂದ ಇಲ್ಲಿನ ಪರೀಕ್ಷೆಗೆ ಮೂರನೆಯ ಎಣಿಕೆಯೊಂದು ಸೇರಬೇಕು: ಗಾಳಿ ಬೀಸುವ ದಿಕ್ಕಿನಲ್ಲಿ ಬೇರೆ ಬೇರೆ ದೂರದಲ್ಲಿಟ್ಟ ತಟ್ಟೆಗಳ ಹುಳುಗಳಲ್ಲಿ ಎಷ್ಟು ಉಳಿದವು, ಎಷ್ಟು ಗೂಡು ಕಟ್ಟಿದವು? ಇದನ್ನು ಹಳ್ಳಿಯಿಂದ ದೂರದಲ್ಲಿ, ರೇಷ್ಮೆ ಬಲ್ಲವರ ಮೇಲ್ವಿಚಾರಣೆಯಲ್ಲೇ ಮಾಡಬೇಕು. ಪರೀಕ್ಷೆಗೆ ತಂದ ಹುಳುಗಳನ್ನು ಮತ್ತೆ ಸಾಕುಮನೆಗೆ ಒಯ್ಯಬಾರದು.

ನಿಮ್ಮ ಶಿಬಿರಕ್ಕೆ ಉಪಾಯ ಅದೇ ಹಳ್ಳಿಯಲ್ಲಿದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ರೈತರು ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟತೊಡಗಿದರು. ಡೇರೆಯ ಬಾಗಿಲಿಗೂ ಪರದೆಯನ್ನೇ ಕಟ್ಟಿ. ಸೊಳ್ಳೆ ನೊಣಕ್ಕಿಂತ ಸಣ್ಣದಾದ್ದರಿಂದ ಕಣ್ಣು ಇನ್ನೂ ಕಿರಿದಿರಲಿ, ಔಷಧಿ ಲೇಪಿಸದ ಪರದೆಯಾಗಿರಲಿ. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ.