ಗೌಜಲಕ್ಕಿ ಮರಿ ಕಡಿಮೆ ಬಂತೇ? ಯಂತ್ರವನ್ನು ಬೈಯುವ ಮೊದಲು

ಸಾಕಿದ ಜಪಾನಿ ಗೌಜಲಕ್ಕಿ ಕಾವಿಗೆ ಕೂರುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಹಾಗಾಗಿ ಮನೆಯಲ್ಲಿ ಮರಿ ಮಾಡಿಸುವವರಿಗೆ ಇನ್‌ಕ್ಯುಬೇಟರೇ ಗತಿ. ಇಟ್ಟದ್ದರಲ್ಲಿ ಅರ್ಧವೂ ಮರಿಯಾಗದಿದ್ದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು, "ಮಿಷನ್ ಸರಿ ಇಲ್ಲ". ಇರಬಹುದು. ಆದರೆ ಒಡೆಯದೆ ಉಳಿದ ಮೊಟ್ಟೆಗಳನ್ನು ತಿಪ್ಪೆಗೆ ಎಸೆದುಬಿಟ್ಟರೆ ಕಾರಣ ಯಾವತ್ತೂ ಗೊತ್ತಾಗುವುದಿಲ್ಲ.

ಅವನ್ನು ಅಂಗಳಕ್ಕೆ ತಂದು ಒಂದೊಂದಾಗಿ ತಟ್ಟೆಗೆ ಒಡೆದು ನೋಡಿ. ನಾತ ಬರುತ್ತದೆ, ಬರಲಿ. ಹಳದಿ ಹಾಗೇ ಇದ್ದು ರಕ್ತದ ಗೆರೆಯೇ ಕಾಣದಿದ್ದರೆ ಬಹುಪಾಲು ಅದು ಗಂಡು ಕೂಡದ ಮೊಟ್ಟೆ. ರಕ್ತದ ಉಂಗುರವಿದ್ದರೆ ಭ್ರೂಣ ಮೊದಲ ಕೆಲವು ದಿನಗಳಲ್ಲೇ ಸತ್ತಿದೆ. ಮೊಟ್ಟೆ ಹಳೆಯದಾಗಿತ್ತೋ, ಬಸ್ಸಿನಲ್ಲಿ ಕುಲುಕಿತ್ತೋ, ಶುರುವಿನಲ್ಲೇ ಬಿಸಿ ಏರಿತ್ತೋ ನೋಡಬೇಕು. ರೋಮ ಬಂದ ಪೂರ್ತಿ ಮರಿ ಒಳಗೇ ಸತ್ತಿದ್ದರೆ ಕೊನೆಯ ದಿನಗಳ ತೇವ ಮತ್ತು ಗಾಳಿಯ ಮೇಲೆ ಅನುಮಾನ ಪಡಿ. ಮೊನಚು ತುದಿ ಮೇಲಾಗಿ ಇಟ್ಟಿದ್ದರೂ ಹೀಗಾಗುತ್ತದೆ, ಏಕೆಂದರೆ ಮರಿಯ ಕೊಕ್ಕು ಅಗಲ ತುದಿಯಲ್ಲಿರುವ ಗಾಳಿಯ ಜಾಗವನ್ನು ಮುಟ್ಟುವುದಿಲ್ಲ.

ಅಂಗಡಿಯ ಪ್ಯಾಕಿನ ಮೊಟ್ಟೆಯಲ್ಲೂ ಮರಿ ಆಗುತ್ತದೆಂದು ನಂಬಿದವರಿದ್ದಾರೆ. ತಿನ್ನಲು ಮಾರುವ ಮೊಟ್ಟೆಗೆ ಸಾಮಾನ್ಯವಾಗಿ ಹೆಣ್ಣುಗಳನ್ನಷ್ಟೇ ಸಾಕುತ್ತಾರೆ. ಎರಡು ಮೂರು ಹೆಣ್ಣಿಗೆ ಒಂದು ಗಂಡು ಬಿಟ್ಟಿರುವ ಫಾರ್ಮಿನಿಂದ, ಏಳು ದಿನದೊಳಗಿನ ಮೊಟ್ಟೆಯನ್ನೇ ಕೇಳಿ ತನ್ನಿ.

ಹೆಚ್ಚು ಮರಿಗಳನ್ನು ಕೊಲ್ಲುವ ನಂಬಿಕೆ ನೀರಿನದು. "ತೇವ ಜಾಸ್ತಿ ಇದ್ದಷ್ಟೂ ಒಳ್ಳೆಯದು" ಎಂದು ದಿನವೂ ತಟ್ಟೆ ತುಂಬಿಸುತ್ತಾರೆ. ಆದರೆ ಕಾವಿನಲ್ಲಿರುವ ಮೊಟ್ಟೆ ನೀರು ಕಳೆದುಕೊಳ್ಳಲೇಬೇಕು. ಹತ್ತು ಗ್ರಾಂ ಮೊಟ್ಟೆ ಸುಮಾರು ಒಂದು ಗ್ರಾಂ ಹಗುರವಾದರೆ ಮಾತ್ರ ಒಳಗೆ ಗಾಳಿಯ ಜಾಗ ಸಾಕಷ್ಟು ದೊಡ್ಡದಾಗುತ್ತದೆ. ಇಲ್ಲದಿದ್ದರೆ ಮರಿ ಮೊದಲ ಉಸಿರಿಗೇ ಒದ್ದೆಯಲ್ಲಿ ಸಿಕ್ಕಿ ಸಾಯುತ್ತದೆ. ಮೊದಲ 14 ದಿನ ಶೇ 45ರಿಂದ 50ರಷ್ಟು ತೇವ ಸಾಕು. ಆಮೇಲೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ ಶೇ 65ರಿಂದ 70ಕ್ಕೆ ಏರಿಸಿ. ಮಳೆಗಾಲದ ಮಂಗಳೂರಿನಲ್ಲಿ ಮೊದಲ ಹಂತಕ್ಕೆ ನೀರೇ ಇಡಬೇಕಾಗಿಲ್ಲದಿರಬಹುದು. ಬೇಸಿಗೆಯ ರಾಯಚೂರಿನಲ್ಲಿ ತಟ್ಟೆ ಒಣಗದಂತೆ ಕಾಯಬೇಕು. ಒಬ್ಬರಿಗೆ ಸರಿಹೋದ ಅಳತೆ ಇನ್ನೊಬ್ಬರಿಗೆ ಸುಳ್ಳಾಗುವುದು ಇದಕ್ಕೇ.

ಮೀಟರ್ ತೋರಿಸುವುದು ನಿಜವೇ ಎಂಬುದನ್ನೂ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಗಟ್ಟಿ ಮುದ್ದೆಯಂತೆ ಕಲಸಿ, ತೇವದ ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದು ರಾತ್ರಿ ಕಳೆದ ಮೇಲೆ ಶೇ 75 ತೋರಿಸಬೇಕು. ಎಷ್ಟು ಹೆಚ್ಚುಕಡಿಮೆ ಇದೆಯೋ ಅದೇ ನಿಮ್ಮ ಮೀಟರಿನ ದೋಷ.

ಬಿಸಿಯ ವಿಷಯದಲ್ಲಿ ಮಾತು ಸರಳ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಸುಮಾರು ಒಂದು ಡಿಗ್ರಿ ಹೆಚ್ಚು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಸೆನ್ಸರ್ ಬಲ್ಬಿಗೆ ಅಂಟಿಕೊಂಡಿದ್ದರೆ ಅಂಕಿ ಸರಿ ಕಾಣುತ್ತದೆ, ಮೂಲೆಯ ಮೊಟ್ಟೆ ತಣ್ಣಗಿರುತ್ತದೆ.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಬ್ಬಿಣದ ತುಂಡನ್ನೋ ಇದ್ದಿಲನ್ನೋ ಜೊತೆಗಿಡುವವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಗುಡುಗಿನ ಸದ್ದು ಭ್ರೂಣವನ್ನು ಕೊಲ್ಲುವುದಿಲ್ಲ. ಗುಡುಗಿದಾಗ ಕರೆಂಟು ಹೋಗುತ್ತದೆ, ತೊಂದರೆ ಅಲ್ಲಿದೆ. ಹಾಗೆಂದು ಒಂದು ಗಂಟೆ ಕರೆಂಟಿಲ್ಲದಿದ್ದರೆ ಎಲ್ಲವೂ ಹಾಳೆಂದು ಎಸೆಯಬೇಡಿ. ಪೆಟ್ಟಿಗೆ ತೆರೆಯದೆ ಮೇಲೊಂದು ಕಂಬಳಿ ಹೊದಿಸಿ, ಕರೆಂಟು ಬಂದ ಕೂಡಲೇ ತೆಗೆಯಿರಿ. ಸ್ವಲ್ಪ ಹೊತ್ತಿನ ತಂಪನ್ನು ಭ್ರೂಣ ತಾಳುತ್ತದೆ. 40 ಡಿಗ್ರಿ ದಾಟಿದ ಬಿಸಿಯನ್ನು ತಾಳುವುದು ಕಷ್ಟ.

ಕೊನೆಯದು, ಕೈ ಹಾಕುವ ಆತುರ. ಚಿಪ್ಪಿನಲ್ಲಿ ಬಿರುಕು ಕಂಡ ಕೂಡಲೇ ಮುಚ್ಚಳ ತೆಗೆದು ಸುಲಿಯಲು ಹೋಗುತ್ತಾರೆ. ಒಳಪೊರೆಯಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಹರಿದರೆ ಮರಿ ಸಾಯುತ್ತದೆ. ತೆರೆದಾಗ ತೇವ ಇಳಿದು ಪಕ್ಕದ ಮೊಟ್ಟೆಗಳ ಪೊರೆಯೂ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಹೊರಬಂದ ಮರಿಗೆ ಹೊಟ್ಟೆಯೊಳಗಿನ ಹಳದಿ ಒಂದು ದಿನಕ್ಕೆ ಸಾಕು, ಆಹಾರಕ್ಕೆ ಅವಸರವಿಲ್ಲ. ಮರಿ ಬರುವುದು 17 ಅಥವಾ 18ನೇ ದಿನ. ಬಿಸಿ ಕಡಿಮೆಯಾಗಿದ್ದರೆ ತಡವಾಗುತ್ತದೆ, ಆದ್ದರಿಂದ ಉಳಿದ ಮೊಟ್ಟೆಗಳನ್ನು 20ನೇ ದಿನದವರೆಗೂ ಒಳಗೇ ಬಿಡಿ.