ಅಪ್ಪಣೆಯಿಲ್ಲದೆ ಹಾಡಿದ ಯಂತ್ರ

ಗೃಹಕೃತ್ಯದಲ್ಲಿ ಒದಗುವ ತೊಂದರೆಗಳಿಗೆ ಲೆಕ್ಕವಿಲ್ಲವೆಂಬುದು ವಾಚಕರಿಗೆಲ್ಲ ತಿಳಿದ ಸಂಗತಿಯೇ ಆಗಿದೆ. ಆದರೆ ಯಾರೂ ಮುಟ್ಟದಿರುವಾಗ ಲ್ಯಾಪ್‌ಟಾಪು ತಾನಾಗಿಯೇ ಹಾಡತೊಡಗುವ ತೊಂದರೆಯನ್ನು ನಾವು ಕಳೆದ ಮಳೆಗಾಲದವರೆಗೆ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಇದರ ನಿಮಿತ್ತ ನಮ್ಮ ಮನೆಯಲ್ಲಿ ನಿರಪರಾಧಿಯಾದ ಹುಡುಗನೊಬ್ಬನು ಹಲವು ದಿನ ಸುಳ್ಳುಗಾರನೆನಿಸಿಕೊಂಡನಾದಕಾರಣ, ನಡೆದುದನ್ನು ಮರೆಮಾಚದೆ ಬರೆಯುವುದು ಯುಕ್ತವೆಂದು ತೋರಿತು.

ಒಂದು ರಾತ್ರಿ ಹನ್ನೊಂದೂವರೆ ಗಂಟೆಯ ಸುಮಾರಿಗೆ ನಡುಮನೆಯಿಂದ ವೀಣಾವಾದನವು ಕೇಳಿಬಂದಿತು. ನಾವು ಎದ್ದು ದೀಪ ಹಾಕುವಷ್ಟರಲ್ಲಿ ನಿಂತೂಹೋಯಿತು. ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಪಕ್ಕದಲ್ಲಿ, ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗನು ಮಲಗಿದ್ದನು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ನಮ್ಮ ತಾಯಿಯವರು, "ಮನೆಯಲ್ಲಿ ಏನೋ ಸೇರಿಕೊಂಡಿದೆ, ಒಂದು ಶಾಂತಿ ಮಾಡಿಸಪ್ಪ" ಎಂದರು. ನಾವು ಅದನ್ನು ಕೇಳಿ ನಕ್ಕೆವು. ಆದರೆ ನಾವು ಮಾಡಿದುದು ಅದಕ್ಕಿಂತ ಬುದ್ಧಿವಂತಿಕೆಯ ಕೆಲಸವೇನಲ್ಲ. ಪರೀಕ್ಷೆಯ ವರುಷದಲ್ಲಿ ರಾತ್ರಿಯೆಲ್ಲ ಹಾಡು ಕೇಳುವೆಯಾ ಎಂದು ಮಗನನ್ನು ಗದರಿಸಿದೆವು. "ನಾನು ಮುಟ್ಟಿಲ್ಲ ಅಪ್ಪ" ಎಂದು ಅವನು ಎರಡು ಸಲ ಹೇಳಿದನು. ಮೂರನೆಯ ಸಲ ಏನನ್ನೂ ಹೇಳದೆ ಹಾಸಿಗೆಯನ್ನು ಸುತ್ತಿಕೊಂಡು ಅಜ್ಜಿಯ ಕೋಣೆಗೆ ಹೊರಟುಹೋದನು.

ಮಾರನೆಯ ರಾತ್ರಿ, ಹುಡುಗನು ಅಜ್ಜಿಯ ಮಗ್ಗುಲಲ್ಲಿ ಗಾಢನಿದ್ರೆಯಲ್ಲಿರುವಾಗಲೇ, ನಡುಮನೆಯಲ್ಲಿ ವೀಣೆ ನುಡಿಯಿತು.

ಯಂತ್ರಗಳು ತಾವಾಗಿ ಹಾಡುವುದು ಹೊಸದೇನೂ ಅಲ್ಲವೆಂದು ಆಮೇಲೆ ವಿಚಾರಿಸಲಾಗಿ ತಿಳಿಯಬಂದಿತು. 1997ರಿಂದ ಈಚೆಗೆ ಅವಾರ್ಡ್ ಎಂಬ ಸಂಸ್ಥೆಯವರು ಸಿದ್ಧಪಡಿಸಿದ ಬಯೋಸ್‌ಗಳಲ್ಲಿ, ಅಂದರೆ ಕಂಪ್ಯೂಟರನ್ನು ಮೊದಲು ಎಬ್ಬಿಸುವ ಮೂಲಕ್ರಮದಲ್ಲಿ, ಒಂದು ವಿಚಿತ್ರ ಏರ್ಪಾಡಿದ್ದಿತು. ಒಳಗಿನ ಬೀಸಣಿಗೆಯು ಕೆಟ್ಟರೆ ಅಥವಾ ವಿದ್ಯುತ್ತಿನ ಒತ್ತಡವು ಮಿತಿ ತಪ್ಪಿದರೆ, ಯಂತ್ರವು ಬೀಥೋವನ್ 1810ರಲ್ಲಿ ರಚಿಸಿದ 'ಫ್ಯೂರ್ ಎಲೀಸ' ಎಂಬ ಪಿಯಾನೋ ಕೃತಿಯನ್ನಾಗಲಿ, 1964ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕಾಗಿ ಶೆರ್ಮನ್ ಸಹೋದರರು ಕಟ್ಟಿಕೊಟ್ಟ 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಎಂಬ ಹಾಡಿನ ಮಟ್ಟನ್ನಾಗಲಿ ನುಡಿಸುತ್ತಿದ್ದಿತು! ಬೆದರಿದ ಜನರಿಗಾಗಿ ಮೈಕ್ರೋಸಾಫ್ಟಿನವರು ಇದು ದೋಷವಲ್ಲ, ಎಚ್ಚರಿಕೆಯೆಂದು ಪ್ರತ್ಯೇಕವಾಗಿ ತಿಳಿಸಬೇಕಾಯಿತು. ಮನೆ ಸುಡುವಾಗ ಮಂಗಳವಾದ್ಯ ಊದಿಸುವ ಈ ಯೋಚನೆ ಯಾವ ಮಹಾನುಭಾವರದೋ ನಾವು ಅರಿಯೆವು. ನಮ್ಮ ಲ್ಯಾಪ್‌ಟಾಪಿನ ಬೀಸಣಿಗೆಯೇನೋ ಚೆನ್ನಾಗಿಯೇ ತಿರುಗುತ್ತಿದ್ದಿತು; ನುಡಿಯುತ್ತಿದ್ದುದೂ ವೀಣೆಯೇ ಹೊರತು ಪಿಯಾನೋ ಅಲ್ಲ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಇಂತಹ ಗಾಯನಕ್ಕೆ ಸಾಮಾನ್ಯವಾದ ಕಾರಣವು ಬ್ರೌಸರಿನಲ್ಲಿ ಮರೆತುಬಿಟ್ಟ ಯಾವುದೋ ಪುಟ. ಸದ್ದು ಮಾಡುವ ಪುಟದ ಹೆಸರಿನ ಪಕ್ಕದಲ್ಲಿ ಪುಟ್ಟ ಸ್ಪೀಕರಿನ ಗುರುತು ಮೂಡುವುದು. ಕೆಲವು ಬ್ರೌಸರುಗಳಲ್ಲಿ ಅದನ್ನು ಒತ್ತಿದರೆ ಬಾಯಿ ಮುಚ್ಚುವುದು. ಕ್ರೋಮ್ ಬ್ರೌಸರಿನವರು 2018ರಲ್ಲಿಯೇ ಅಪ್ಪಣೆಯಿಲ್ಲದ ಸದ್ದಿಗೆ ಕಡಿವಾಣ ಹಾಕಿದರಾದರೂ, ನಾವು ಒಮ್ಮೆ ಒತ್ತಿದ ಪುಟಕ್ಕೆ ಆ ಕಡಿವಾಣವು ಸಡಿಲವಾಗುತ್ತದೆ. ನಮ್ಮಲ್ಲಿ ಬ್ರೌಸರು ಮುಚ್ಚಿಯೇ ಇದ್ದಿತು.

ಉಳಿದ ಉಪಾಯವೆಂದರೆ ವಿಂಡೋಸಿನ ವಾಲ್ಯೂಮ್ ಮಿಕ್ಸರು. ಪರದೆಯ ಕೆಳಗಡೆ ಬಲಮೂಲೆಯ ಸ್ಪೀಕರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಅದು ದೊರೆಯುವುದು. ಯಾವ ಯಾವ ಪ್ರೋಗ್ರಾಮು ಸದ್ದು ಮಾಡುತ್ತಿದೆಯೆಂಬುದನ್ನು ಅದು ಹೆಸರು ಹೇಳಿ ತೋರಿಸುತ್ತದೆ. ಆದರೆ ಸದ್ದು ನಡೆಯುತ್ತಿರುವಾಗಲೇ ನೋಡಬೇಕು. ನಿಂತ ಮೇಲೆ ಹುಡುಕಿದರೆ ಕಳ್ಳನು ಊರು ಬಿಟ್ಟಂತೆಯೇ. ಆದಕಾರಣ ನಾವು ಮಿಕ್ಸರನ್ನು ತೆರೆದಿಟ್ಟುಕೊಂಡು, ಒಂದು ಫ್ಲಾಸ್ಕು ಕಾಫಿಯ ಸಹಾಯದಿಂದ ಮೂರು ರಾತ್ರಿ ಜಾಗರಣೆ ಮಾಡಿದೆವು. ಮೂರನೆಯ ರಾತ್ರಿ ವೀಣೆ ಮೊದಲಾಯಿತು. ಮಿಕ್ಸರಿನಲ್ಲಿ ಕಂಡ ಹೆಸರು, ನಾವು ತಿಂಗಳಿಗಿಷ್ಟೆಂದು ಹಣ ತೆತ್ತು ಬಳಸುವ ಸಂಗೀತದ ಆ್ಯಪಿನದು. ಅದನ್ನು ಯಾರೂ ತೆರೆದಿರಲಿಲ್ಲ. ಲ್ಯಾಪ್‌ಟಾಪು ಎದ್ದಾಗಲೆಲ್ಲ ತಾನೂ ಎದ್ದು ಮರೆಯಲ್ಲಿ ಕುಳಿತಿರುವುದು ಅದರ ಅಭ್ಯಾಸ. ವೈಫೈ ತಪ್ಪಿಸಿದೆವು. ಸ್ವಲ್ಪ ಹೊತ್ತಿನಲ್ಲಿ ವೀಣೆಯು ನಿಂತಿತು. ಹಾಗಾದರೆ ಅಪ್ಪಣೆಯು ಹೊರಗಿನಿಂದ ಬರುತ್ತಿರಬಹುದೆಂದು ಆಗ ನಮಗೆ ಹೊಳೆಯಿತು.

ಆ ಖಾತೆಯ ಪಾಸ್‌ವರ್ಡು ತಿಳಿದಿದ್ದವಳು ಇನ್ನೊಬ್ಬಳೇ: ಆಷಾಢದಲ್ಲಿ ಹುಬ್ಬಳ್ಳಿಯ ಹಾಸ್ಟೆಲಿಗೆ ಸೇರಿದ ನಮ್ಮ ಹಿರಿಯ ಮಗಳು. ಆ ಅಪರಾತ್ರಿಯಲ್ಲಿಯೇ ಫೋನು ಮಾಡಿದೆವು. ಮೊದಲನೆಯ ಗಂಟೆಗೇ ಎತ್ತಿದಳು.

"ಅಪ್ಪ, ನನ್ನ ಫೋನಿನಲ್ಲಿ ಎಷ್ಟೋ ದಿನದಿಂದ ಹಾಡೇ ಬರುತ್ತಿಲ್ಲ. ಒತ್ತಿದರೆ ಓಡುತ್ತದೆ, ಸದ್ದು ಮಾತ್ರ ಇಲ್ಲ. ಬೇಸರವಾಗಿ ನಿಲ್ಲಿಸಿಬಿಡುತ್ತೇನೆ."

ಈ ಆ್ಯಪುಗಳಲ್ಲಿ ಒಂದೇ ಖಾತೆಯ ಫೋನಿನಿಂದ ಬೇರೊಂದು ಯಂತ್ರವನ್ನು ಎಷ್ಟೇ ದೂರದಿಂದಲೂ ನುಡಿಸಬಹುದು. ರಜೆಗೆ ಬಂದಿದ್ದಾಗ ಅವಳು ಲ್ಯಾಪ್‌ಟಾಪನ್ನು ಆರಿಸಿ ಹಾಗೆಯೇ ಬಿಟ್ಟಿದ್ದಳು. ಹೀಗಾಗಿ ಹುಬ್ಬಳ್ಳಿಯಲ್ಲಿ ಒತ್ತಿದ ಹಾಡು ಮೈಸೂರಿನ ನಡುಮನೆಯಲ್ಲಿ ನುಡಿಯುತ್ತಿದ್ದಿತು. ಚಾರ್ಜರಿಗೆ ಸಿಕ್ಕಿಸಿದಾಗ ಲ್ಯಾಪ್‌ಟಾಪು ಎಂದಿಗೂ ನಿದ್ರಿಸಬಾರದೆಂದು ಗೊತ್ತುಮಾಡಿ ಇಟ್ಟವರು ನಾವೇ. ಅವಳ ಫೋನಿನಲ್ಲಿ 'ಈ ಫೋನು' ಎಂಬುದನ್ನು ಆರಿಸಿಸಿದೆವು. ಇಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದು, ತಾನಾಗಿ ಏಳುವವರ ಪಟ್ಟಿಯಿಂದ ಆ ಆ್ಯಪನ್ನು ತೆಗೆದೆವು. ವಾಚಕರ ಮನೆಯಲ್ಲಿ ಮಿಕ್ಸರು ಪರಿಚಯವಿಲ್ಲದ ಹೆಸರನ್ನು ತೋರಿಸಿದರೆ ಮಾತ್ರ ಇಷ್ಟಕ್ಕೆ ಬಿಡಬಾರದು. ಕಾಣದಂತೆ ಅಡಗಿ ಜಾಹೀರಾತು ನುಡಿಸುವ ದುಷ್ಟ ಪ್ರೋಗ್ರಾಮುಗಳೂ ಉಂಟು. ವಿಂಡೋಸಿನ ಡಿಫೆಂಡರಿನಿಂದ ಪೂರ್ಣ ಶೋಧನೆ ಮಾಡಿಸತಕ್ಕದ್ದು. ಅಪರಿಚಿತರ ಕೈಗೆ ಖಾತೆ ಸಿಕ್ಕಿರುವ ಸಂಶಯವಿದ್ದರೆ ಪಾಸ್‌ವರ್ಡನ್ನು ಬದಲಾಯಿಸಿ ಎಲ್ಲ ಯಂತ್ರಗಳಿಂದಲೂ ಸೈನ್ ಔಟ್ ಮಾಡತಕ್ಕದ್ದು.

ನಮ್ಮ ಮನೆಯವರು ಈ ತಾಂತ್ರಿಕ ವಿಷಯಗಳೊಂದನ್ನೂ ಕೇಳಿಸಿಕೊಳ್ಳಲಿಲ್ಲ. "ಹನ್ನೊಂದೂವರೆಯವರೆಗೆ ಮಗುವಿಗೆ ನಿದ್ರೆಯಿಲ್ಲವೇ?" ಎಂದು ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡರು. ಹೊಸ ಊರಿಗೆ ಹೋದಂದಿನಿಂದ ಅವಳಿಗೆ ನಿದ್ರೆ ಹತ್ತುತ್ತಿರಲಿಲ್ಲವೆಂದೂ, ಮನೆಯಲ್ಲಿ ಕೇಳುತ್ತಿದ್ದ ವೀಣೆಯನ್ನು ಅದಕ್ಕಾಗಿಯೇ ಹಾಕಿಕೊಳ್ಳುತ್ತಿದ್ದಳೆಂದೂ ಆ ರಾತ್ರಿ ಹೊರಬಿದ್ದಿತು. ತಾಯಿಮಗಳ ಮಾತು ಮುಗಿದಾಗ ಎರಡು ಗಂಟೆ.

ಬೆಳಗ್ಗೆ ಮಗನನ್ನು ಕರೆದು, "ತಪ್ಪಾಯಿತು ಮಗು" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕನಿಗೆ ಬೈಯಲಿಲ್ಲ ತಾನೆ?" ಎಂದನು. ಇಲ್ಲವೆಂದೆವು. ಆ ರಾತ್ರಿ ಹಾಸಿಗೆಯು ಮರಳಿ ನಡುಮನೆಗೆ ಬಂದಿತು.